ಡಿಸ್ಕ್ ಎಷ್ಟು ಹೊತ್ತು ಹುಡುಕಬೇಕು, ಲಿನಕ್ಸ್ ಎಷ್ಟು ಹೊತ್ತು ಕಾಯಬೇಕು?

‘ಕೊಂಡಿ ನಿಧಾನವಾಗಿ ಉತ್ತರಿಸುತ್ತಿದೆ, ದಯವಿಟ್ಟು ತಾಳ್ಮೆಯಿರಲಿ.’ ಲಿನಕ್ಸ್ ಕರ್ನಲ್ ತನ್ನ ಲಾಗ್‌ನಲ್ಲಿ ಇಷ್ಟು ವಿನಯದಿಂದ ಮಾತಾಡುವುದು ಅಪರೂಪ. ಇಂಗ್ಲಿಷಿನ ಈ ಸಾಲು ಕಾಣಿಸಿಕೊಂಡ ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು ಬರುವುದುಂಟು. ಅದರಲ್ಲಿ ವಿನಯವೇನೂ ಇರುವುದಿಲ್ಲ: ಡಿಸ್ಕ್ ವಿಫಲವಾಗಿದೆ, ಅದನ್ನು ಕೈಬಿಡಲಾಗಿದೆ, ಉಳಿದ ಮೂರರ ಮೇಲೆ ಕೆಲಸ ಮುಂದುವರಿಯುತ್ತಿದೆ.

ಹೊರಬಿದ್ದ ಆ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಷ್ಟೋ ಸಲ ಅದು ಏನೂ ಆಗಿಲ್ಲವೆಂಬಂತೆ ತಿರುಗುತ್ತದೆ. ಅದರ ಆರೋಗ್ಯ ವರದಿ ‘ಪಾಸ್’ ಎನ್ನುತ್ತದೆ. ವಾರಂಟಿಗೆಂದು ಅಂಗಡಿಗೆ ಒಯ್ದರೆ ‘ಚೆನ್ನಾಗಿಯೇ ಇದೆಯಲ್ಲ ಸರ್’ ಎಂಬ ಉತ್ತರ. ಲಿನಕ್ಸ್ ಹೇಳಿದ್ದೂ ಸುಳ್ಳಲ್ಲ, ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ. ಡಿಸ್ಕಿಗೂ ಕರ್ನಲ್‌ಗೂ ತಮ್ಮ ತಮ್ಮ ಗಡಿಯಾರಗಳಿವೆ. ಆ ಎರಡನ್ನೂ ತಯಾರಿಸಿದವರು ಪರಸ್ಪರ ಕೇಳಿ ಹೊಂದಿಸಲಿಲ್ಲ, ಅಷ್ಟೆ. ಅದನ್ನು ಹೊಂದಿಸುವ ಕೆಲಸ ಡಿಸ್ಕಿನ ಮಾಲೀಕನ ತಲೆಗೆ ಬಿದ್ದಿದೆ, ಅದೂ ಯಾರೂ ಅವನಿಗೆ ಹೇಳದೆ.

ಇದು ದೊಡ್ಡ ಡೇಟಾ ಸೆಂಟರ್‌ಗಳ ತಲೆನೋವಲ್ಲ, ಅವರಿಗೆ ಇದು ಗೊತ್ತಿರುವ ವಿಷಯ. ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊ, ಲೆಕ್ಕಪರಿಶೋಧಕರ ಕಚೇರಿ, ಮನೆಯ ಫೋಟೊಗಳನ್ನೆಲ್ಲ ಒಂದೆಡೆ ಕೂಡಿಟ್ಟುಕೊಂಡ ಸಾಫ್ಟ್‌ವೇರ್ ಎಂಜಿನಿಯರ್, ಇಂಥವರು ಹಳೆಯ ಕಂಪ್ಯೂಟರೊಂದಕ್ಕೆ ನಾಲ್ಕು ಡಿಸ್ಕ್ ಸಿಕ್ಕಿಸಿ ಲಿನಕ್ಸ್‌ನಲ್ಲಿ ರೇಡ್ ಮಾಡಿಕೊಳ್ಳುತ್ತಾರಲ್ಲ, ಪೆಟ್ಟು ಬೀಳುವುದು ಅವರಿಗೆ. ರೇಡ್ ಎಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಬರೆದಿಡುವ ಏರ್ಪಾಡು. 1988ರಲ್ಲಿ ಬರ್ಕ್‌ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಬರೆದ ಪ್ರಬಂಧದಿಂದ ಈ ಹೆಸರು ಬಂತು. ಐಬಿಎಂನ ದುಬಾರಿ ದೈತ್ಯ ಡಿಸ್ಕೊಂದರ ಬದಲು ಪರ್ಸನಲ್ ಕಂಪ್ಯೂಟರಿನ ಅಗ್ಗದ, ನೂರು ಮೆಗಾಬೈಟ್‌ನ ಪುಟ್ಟ ಡಿಸ್ಕ್‌ಗಳ ಗುಂಪೇ ಲೇಸು ಎನ್ನುವುದು ಅವರ ವಾದ. ಅಗ್ಗದ ಡಿಸ್ಕಿಗೆಂದೇ ಹುಟ್ಟಿದ ವಿದ್ಯೆ ಇಂದು ಅಗ್ಗದ ಡಿಸ್ಕ್ ಹಾಕಿದವರನ್ನೇ ಕೈಬಿಡುವುದು ಸ್ವಲ್ಪ ವಿಚಿತ್ರವೇ.

ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ಕರ್ನಲ್ ಭಾಗದ ಹೆಸರು ಎಂಡಿ. ಅದನ್ನು ನಡೆಸುವ ಎಂಡಿಎಡಿಎಂ ಎಂಬ ಸಲಕರಣೆಯನ್ನು ಮೊದಲು ಬರೆದವರು ಆಸ್ಟ್ರೇಲಿಯದ ನೀಲ್ ಬ್ರೌನ್. ಸಿನಾಲಜಿ, ಕ್ಯೂನ್ಯಾಪ್‌ನಂಥ ಕಂಪನಿಗಳ ನ್ಯಾಸ್ ಪೆಟ್ಟಿಗೆಗಳ (ನೆಟ್‌ವರ್ಕಿಗೆ ಜೋಡಿಸಿ ಫೈಲ್ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆಗಳ) ಒಳಗೂ ಇದೇ ಎಂಡಿ ಇದೆ, ಮೇಲೆ ಚಂದದ ಪರದೆ ಹೊದಿಸಿರುತ್ತಾರೆ.

ಒಂದು ಸೆಕ್ಟರ್ ಓದಲು ಬಾರದೆ ಹೋದಾಗ ಡಿಸ್ಕಿನೊಳಗೆ ಏನು ನಡೆಯುತ್ತದೆ ಎಂಬುದರಲ್ಲಿ ಈ ಕಥೆಯ ತಿರುಳಿದೆ. ಸೆಕ್ಟರ್ ಎಂದರೆ ಈಗಿನ ಡಿಸ್ಕ್‌ಗಳಲ್ಲಿ 4096 ಬೈಟ್‌ಗಳ ತುಂಡು. ಪ್ರತಿ ಸೆಕ್ಟರಿನ ಜೊತೆಗೆ ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳನ್ನು ಡಿಸ್ಕ್ ತಾನೇ ಬರೆದಿಟ್ಟಿರುತ್ತದೆ. ಕಾಂತೀಯ ಸಂಕೇತ ಅಲ್ಲಲ್ಲಿ ಮಸುಕಾಗಿರುವುದು ದಿನನಿತ್ಯದ ಮಾತು. ಬಹುಪಾಲು ಓದುಗಳು ಈ ತಿದ್ದುಪಡಿಯ ಬಲದಿಂದಲೇ ಸರಿಯಾಗುತ್ತವೆ, ಹೊರಗಿನವರಿಗೆ ಸುದ್ದಿಯೇ ತಿಳಿಯುವುದಿಲ್ಲ. ತಿದ್ದಲಾಗದಷ್ಟು ಮಸುಕಾಗಿದ್ದರೆ ಡಿಸ್ಕ್ ಮತ್ತೊಂದು ಸುತ್ತು ಕಾದು ಮತ್ತೆ ಓದುತ್ತದೆ. ಆಗಲೂ ಬರಲಿಲ್ಲವೆಂದರೆ ಓದುವ ಹೆಡ್ಡನ್ನು ಗೆರೆಯಿಂದ ಕೂದಲೆಳೆಗಿಂತಲೂ ಕಡಿಮೆ ಅತ್ತ ಸರಿಸಿ ಓದುತ್ತದೆ, ಇತ್ತ ಸರಿಸಿ ಓದುತ್ತದೆ, ಸಂಕೇತವನ್ನು ಹಿಗ್ಗಿಸುವ ಪ್ರಮಾಣ ಬದಲಿಸಿ ಇನ್ನೊಮ್ಮೆ ಓದುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸಲ ಆ ಜಾಗದ ಮೇಲೆ ಹಾಯುತ್ತದೆ. ಎರಡು ನಿಮಿಷ ಪಟ್ಟು ಹಿಡಿದರೆ 14,400 ಅವಕಾಶ.

ಡೆಸ್ಕ್‌ಟಾಪ್ ಡಿಸ್ಕ್‌ಗಳು ಎರಡು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಪಟ್ಟು ಹಿಡಿಯುತ್ತವೆ. ಇದನ್ನು ದಡ್ಡತನ ಎನ್ನಲು ನನಗೆ ಮನಸ್ಸಿಲ್ಲ. ಒಂದೇ ಡಿಸ್ಕ್ ಇರುವ ಲ್ಯಾಪ್‌ಟಾಪಿನಲ್ಲಿ ಆ ಸೆಕ್ಟರಿಗೆ ಬೇರೆಲ್ಲೂ ಪ್ರತಿ ಇಲ್ಲ. ಮಗುವಿನ ನಾಮಕರಣದ ಫೋಟೊ ಅದರೊಳಗಿದ್ದರೆ, ಎರಡು ನಿಮಿಷ ಪರದೆ ಹೆಪ್ಪುಗಟ್ಟಿದರೂ ಪರವಾಗಿಲ್ಲ, ಫೋಟೊ ಸಿಕ್ಕರೆ ಸಾಕು ಎಂದೇ ಯಾರಾದರೂ ಹೇಳಿಯಾರು.

ಆದರೆ ಓದಲು ಹೇಳಿ ಕಾಯುತ್ತ ಕೂತ ಕರ್ನಲ್‌ಗೆ ಅಷ್ಟು ವ್ಯವಧಾನವಿಲ್ಲ. ಲಿನಕ್ಸ್‌ನ ಸ್ಕಸಿ ಪದರ ಒಂದು ಡಿಸ್ಕಿಗೆ ಕೊಟ್ಟ ಆಜ್ಞೆಗೆ ಉತ್ತರ ಬರಲು 30 ಸೆಕೆಂಡು ಕಾಯುತ್ತದೆ. ಸಾಟಾ ಡಿಸ್ಕ್‌ಗಳೂ ಇದೇ ಪದರದ ಮೂಲಕವೇ ಹಾಯುವುದರಿಂದ ಈ 30 ಅವಕ್ಕೂ ಅನ್ವಯ. ಅಷ್ಟರಲ್ಲಿ ಉತ್ತರ ಬರದಿದ್ದರೆ ಕರ್ನಲ್ ಆಜ್ಞೆಯನ್ನು ರದ್ದು ಮಾಡಿ, ಡಿಸ್ಕಿನ ಕೊಂಡಿಯನ್ನು ಕಡಿದು ಮತ್ತೆ ಜೋಡಿಸಲು ನೋಡುತ್ತದೆ. ಡಿಸ್ಕ್ ಇನ್ನೂ ಅದೇ ಸೆಕ್ಟರಿನ ಮೇಲೆ ಸುತ್ತು ಹಾಕುತ್ತಿದೆ. ಆ ಹೊತ್ತಿನಲ್ಲಿ ಎಷ್ಟೋ ಡಿಸ್ಕ್‌ಗಳ ಫರ್ಮ್‌ವೇರ್ ಬಾಗಿಲು ತಟ್ಟಿದ ಸದ್ದನ್ನೂ ಕೇಳಿಸಿಕೊಳ್ಳುವುದಿಲ್ಲ. ಆಗಲೇ ಆ ‘ತಾಳ್ಮೆಯಿರಲಿ’ ಸಂದೇಶ ಬರುವುದು. ಕರ್ನಲ್ ಇನ್ನೂ ಕೆಲವು ಸಲ, ಒಟ್ಟು ಸುಮಾರು ಒಂದು ನಿಮಿಷ, ಮತ್ತೆ ಮತ್ತೆ ಯತ್ನಿಸುತ್ತದೆ. ನಡುವೆ ಕೊಂಡಿಯ ವೇಗವನ್ನೂ ತಗ್ಗಿಸಿ ನೋಡುತ್ತದೆ. ಕೊನೆಗೆ ಈ ಸಾಧನವೇ ಇಲ್ಲವೆಂದು ತೀರ್ಮಾನಿಸುತ್ತದೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದ ಗುಮಾಸ್ತ ಗೆದ್ದಲು ತಿಂದ ಒಂದು ಪಹಣಿಗಾಗಿ ಕಟ್ಟು ಕಟ್ಟು ಬಿಚ್ಚಿ ಹುಡುಕುತ್ತಿದ್ದಾನೆ. ಹೊರಗೆ ಸಾಹೇಬರು ಎರಡು ಸಲ ಕೂಗಿ, ಉತ್ತರವಿಲ್ಲವೆಂದು, ಆಸಾಮಿ ಕೆಲಸ ಬಿಟ್ಟು ಹೋಗಿದ್ದಾನೆಂದು ರಿಜಿಸ್ಟರಿನಲ್ಲಿ ಬರೆದುಬಿಟ್ಟರು. ಆ ಪಹಣಿಯ ನಕಲು ಪಕ್ಕದ ಟೇಬಲ್ಲಿನ ಮೇಲೇ ಇತ್ತು.

ಆ ನಕಲಿನ ವಿಷಯಕ್ಕೆ ಬರೋಣ. ಡಿಸ್ಕ್ ಬೇಗ ಸೋಲೊಪ್ಪಿ ‘ಈ ಸೆಕ್ಟರ್ ಓದಲಾಗಲಿಲ್ಲ’ ಎಂದಿದ್ದರೆ ಎಂಡಿ ಅದನ್ನು ಹೊರಗೆ ಹಾಕುತ್ತಿರಲಿಲ್ಲ. ಉಳಿದ ಡಿಸ್ಕ್‌ಗಳಿಂದ ಆ ತುಂಡಿನ ಮಾಹಿತಿಯನ್ನು ಲೆಕ್ಕ ಹಾಕಿ ತೆಗೆದು, ಕೇಳಿದವರಿಗೆ ಕೊಟ್ಟು, ಅದೇ ಮಾಹಿತಿಯನ್ನು ಕೆಟ್ಟ ಸೆಕ್ಟರಿನ ಮೇಲೆ ಮತ್ತೆ ಬರೆಯುತ್ತಿತ್ತು. ಬರೆಯುವ ಆಜ್ಞೆ ಬಂದಾಗ ಡಿಸ್ಕ್ ಆ ಜಾಗವನ್ನು ಪರೀಕ್ಷಿಸುತ್ತದೆ. ಜಾಗ ಗಟ್ಟಿಯಿದ್ದರೆ ಅಲ್ಲೇ ಹೊಸದಾಗಿ ಬರೆಯುತ್ತದೆ, ಇಲ್ಲದಿದ್ದರೆ ಮೀಸಲಿಟ್ಟ ಬೇರೆ ಸೆಕ್ಟರನ್ನು ಅದರ ಬದಲಿಗೆ ಕೊಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಗಾಯ ಮಾಯುವಂಥ ಈ ವ್ಯವಸ್ಥೆ ನಿಜಕ್ಕೂ ಸೊಗಸಾದದ್ದು. ಅದು ನಡೆಯಬೇಕಾದರೆ ಎಂಡಿಗೆ ‘ಓದಲಾಗಲಿಲ್ಲ’ ಎಂಬ ಸ್ಪಷ್ಟ ಉತ್ತರ ಬೇಕು, ಮತ್ತು ತಿರುಗಿ ಬರೆಯುವಾಗ ಡಿಸ್ಕ್ ಎಚ್ಚರವಾಗಿರಬೇಕು. 30 ಸೆಕೆಂಡಿನ ಗಡುವು ಮುಗಿದು ಕೊಂಡಿ ಕಡಿದುಹೋದಾಗ ಇವೆರಡೂ ಇರುವುದಿಲ್ಲ. ಓದು ಸೋತರೆ ಎಂಡಿ ಸಹಿಸಿಕೊಳ್ಳುತ್ತದೆ. ಬರೆಹ ಸೋತರೆ ಮಾತ್ರ ಸಾಮಾನ್ಯವಾಗಿ ಆ ಡಿಸ್ಕ್ ಗುಂಪಿನಿಂದ ಹೊರಗೆ. ಹೀಗೆ 4096 ಬೈಟ್‌ಗಾಗಿ 8 ಟೆರಾಬೈಟ್ ಹೋಗುತ್ತದೆ.

ಲಾಗ್‌ನಲ್ಲಿ ‘ಹಾರ್ಡ್ ರಿಸೆಟಿಂಗ್ ಲಿಂಕ್’ ಎಂಬ ಸಾಲುಗಳನ್ನು ಕಂಡವರು ಮೊದಲು ದೂರುವುದು ಕೇಬಲ್ಲನ್ನು. ಹೊಸ ಸಾಟಾ ಕೇಬಲ್ ತಂದು ಹಾಕುತ್ತಾರೆ, ಆಮೇಲೆ ಪವರ್ ಸಪ್ಲೈ ಬದಲಿಸುತ್ತಾರೆ. ಕೆಲವೊಮ್ಮೆ ತಪ್ಪು ಅಲ್ಲಿಯೂ ಇರುತ್ತದೆ ಎನ್ನುವುದರಿಂದ ಈ ಅನುಮಾನ ಸಾಯುವುದೇ ಇಲ್ಲ.

ಒಂದು ಡಿಸ್ಕ್ ಹೋಯಿತು, ಒಂದರ ನಷ್ಟ ತಡೆಯುವ ರೇಡ್ 5 ಇದೆಯಲ್ಲ, ಹೊಸದು ಹಾಕಿದರಾಯಿತು ಎನ್ನುವುದು ಸಹಜ. ನಿಜವಾದ ಅನಾಹುತ ಶುರುವಾಗುವುದು ಅಲ್ಲಿಂದಲೇ. ಹೊಸ ಡಿಸ್ಕನ್ನು ತುಂಬಲು ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು, 8 ಟೆರಾಬೈಟ್‌ನವಾದರೆ ಒಟ್ಟು 24 ಟೆರಾಬೈಟ್. ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಗಳನ್ನೂ ಓದಲೇಬೇಕು. ಅಲ್ಲೆಲ್ಲೋ ಇನ್ನೊಂದು ಮಸುಕಾದ ಸೆಕ್ಟರ್ ಸಿಕ್ಕಿತೆನ್ನಿ. ಎರಡನೆಯ ಡಿಸ್ಕೂ ಅದೇ ಅಂಗಡಿಯದು, ಅದೇ ಮಾದರಿಯದು, ಅದೇ ಸ್ವಭಾವದ್ದು. ಅದೂ ಹುಡುಕಲು ಕೂರುತ್ತದೆ, ಅದನ್ನೂ ಕರ್ನಲ್ ಹೊರಹಾಕುತ್ತದೆ. ನಾಲ್ಕರಲ್ಲಿ ಎರಡು ಹೋದರೆ ರೇಡ್ 5ರಲ್ಲಿ ಉಳಿಯುವುದೇನೂ ಇಲ್ಲ. ರೇಡ್ 6 ಇನ್ನೊಂದು ಪೆಟ್ಟು ತಡೆಯುತ್ತದೆ ನಿಜ, ಆದರೆ ಎಲ್ಲ ಡಿಸ್ಕ್‌ಗಳ ಗುಣವೂ ಒಂದೇ ಆಗಿರುವಾಗ ಅದು ಕಾರಣವನ್ನು ಮುಟ್ಟುವುದಿಲ್ಲ.

ಇಲ್ಲಿ ಎಲ್ಲರೂ ಉಲ್ಲೇಖಿಸುವ ಒಂದು ಅಂಕಿಯಿದೆ. ಸಾಮಾನ್ಯ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ, ಓದಲಾಗದ ತಪ್ಪು ಕೋಟಿ ಕೋಟಿ ಬಿಟ್‌ಗಳಿಗೆ, ಅಂದರೆ 1ರ ಮುಂದೆ 14 ಸೊನ್ನೆ ಇಟ್ಟಷ್ಟು ಬಿಟ್‌ಗಳಿಗೆ ಒಂದು ಎಂದಿರುತ್ತದೆ. ಲೆಕ್ಕ ಹಾಕಿದರೆ 12.5 ಟೆರಾಬೈಟ್‌ಗೆ ಒಂದು. 24 ಟೆರಾಬೈಟ್ ಓದಿದರೆ ಎರಡು ತಪ್ಪು ಖಂಡಿತ, ಆದ್ದರಿಂದ ರೇಡ್ 5 ಸತ್ತಿದೆ ಎಂದು ಘೋಷಿಸಿದವರು ಬಹಳ. ಈ ಭಯವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ತಯಾರಕರು ಕೊಡುವ ಮೇಲ್ಮಿತಿ. ಆರೋಗ್ಯವಾಗಿರುವ ಡಿಸ್ಕ್‌ಗಳು ಅದಕ್ಕಿಂತ ಎಷ್ಟೋ ಚೆನ್ನಾಗಿ ಓದುತ್ತವೆ, ಪ್ರತಿ ತಿಂಗಳು ಪೂರ್ತಿ ಓದಿಸುವವರಿಗೆ ಇದು ಗೊತ್ತು. ಕೆಟ್ಟ ಸೆಕ್ಟರ್ ಸಿಗುವುದೇ ಇಲ್ಲವೆಂದಲ್ಲ. ಒಂದು ಸಿಕ್ಕರೆ ಇಡೀ ಡಿಸ್ಕ್ ಹೋಗುವಂತೆ ಬಿಟ್ಟಿರುವುದೇ ಹೆಚ್ಚಿನ ಅಪಾಯ.

ಪರಿಹಾರದ ಸೂತ್ರ ಒಂದೇ ಸಾಲಿನದು: ಕರ್ನಲ್ ಕೈಬಿಡುವ ಮೊದಲು ಡಿಸ್ಕ್ ಕೈಬಿಡಬೇಕು. ಇದನ್ನು ಎರಡು ಕಡೆಯಿಂದ ಸಾಧಿಸಬಹುದು.

ಮೊದಲನೆಯದು ಡಿಸ್ಕಿನ ಹಟಕ್ಕೆ ಮಿತಿ ಹಾಕುವುದು. ಆಟಾ ಮಾನದಂಡದಲ್ಲಿ ಇದಕ್ಕೆ ಎಸ್‌ಸಿಟಿ ಎರರ್ ರಿಕವರಿ ಕಂಟ್ರೋಲ್ ಎಂಬ ಸೌಲಭ್ಯವಿದೆ. ವೆಸ್ಟರ್ನ್ ಡಿಜಿಟಲ್ ತನ್ನದನ್ನು ಟಿಎಲ್‌ಇಆರ್ ಎನ್ನುತ್ತದೆ, ಸೀಗೇಟ್ ಇಆರ್‌ಸಿ ಎನ್ನುತ್ತದೆ, ಸ್ಯಾಮ್‌ಸಂಗ್ ಮತ್ತು ಹಿಟಾಚಿ ಸಿಸಿಟಿಎಲ್ ಎನ್ನುತ್ತಿದ್ದವು. ಮಾಲು ಒಂದೇ. ರೂಢಿಯಲ್ಲಿ ಇದಕ್ಕೆ 7 ಸೆಕೆಂಡು ಇಡುತ್ತಾರೆ. ಹಾರ್ಡ್‌ವೇರ್ ರೇಡ್ ಕಾರ್ಡ್‌ಗಳು ಸುಮಾರು 8 ಸೆಕೆಂಡಿಗೆ ತಾಳ್ಮೆ ಕಳೆದುಕೊಳ್ಳುತ್ತಿದ್ದವು, ಅದಕ್ಕಿಂತ ಒಂದು ಕಡಿಮೆ. ಏಳು ಸೆಕೆಂಡಿನಲ್ಲೂ ತಟ್ಟೆ 840 ಸುತ್ತು ತಿರುಗಿರುತ್ತದೆ. ಅಷ್ಟರಲ್ಲಿ ಬಾರದ ಸೆಕ್ಟರಿಗೆ ಪಕ್ಕದ ಡಿಸ್ಕನ್ನು ಕೇಳುವುದೇ ವಾಸಿ.

ಇದನ್ನು ಕೇಳುವ, ಹಾಕುವ ಸಲಕರಣೆ ಸ್ಮಾರ್ಟ್‌ಮಾನ್‌ಟೂಲ್ಸ್ ಕಟ್ಟಿನಲ್ಲಿರುವ ಸ್ಮಾರ್ಟ್‌ಸಿಟಿಎಲ್. ಈ ಕಟ್ಟಿನ ಹಿಂದೆ ಒಂದು ಸ್ವಾರಸ್ಯವಿದೆ. 2002ರಲ್ಲಿ ಇದನ್ನು ಆರಂಭಿಸಿದ ಬ್ರೂಸ್ ಆ್ಯಲನ್ ಗುರುತ್ವದ ಅಲೆಗಳ ಬೆನ್ನುಹತ್ತಿದ ಭೌತವಿಜ್ಞಾನಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಿಲ್ವಾಕೀ ಕ್ಯಾಂಪಸ್ಸಿನಲ್ಲಿ ಮಾಹಿತಿ ವಿಶ್ಲೇಷಣೆಗೆ ಸಾಲು ಸಾಲು ಸಾಧಾರಣ ಕಂಪ್ಯೂಟರುಗಳನ್ನು ಕೂಡಿಸಿ ನಡೆಸುತ್ತಿದ್ದವರು. ಅಂಥ ಕಡೆ ಡಿಸ್ಕ್ ಕೆಡುವುದು ಹವಾಮಾನದಷ್ಟೇ ನಿತ್ಯದ ಸಂಗತಿ. ಬ್ರಹ್ಮಾಂಡದ ಕಂಪನ ಹುಡುಕಲು ಹೊರಟವರ ಸಲಕರಣೆ ಈಗ ನಮ್ಮ ಮನೆಯ ಡಿಸ್ಕಿನ ಜ್ವರ ನೋಡುತ್ತಿದೆ.

ಸ್ಮಾರ್ಟ್‌ಸಿಟಿಎಲ್‌ಗೆ ‘ಎಸ್‌ಸಿಟಿಇಆರ್‌ಸಿ’ ಎಂಬ ಆಯ್ಕೆ ಕೊಟ್ಟು ಕೇಳಿದರೆ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಓದಿಗೆ 70, ಬರೆಹಕ್ಕೆ 70 ಎಂದರೆ ನೆಮ್ಮದಿ. ಇಲ್ಲಿ ಎಣಿಕೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಹಾಗಾಗಿ 70 ಎಂದರೆ 7 ಸೆಕೆಂಡು. 7 ಎಂದು ಹಾಕಹೋಗಬೇಡಿ. ‘ಡಿಸೇಬಲ್ಡ್’ ಎಂದರೆ ಸೌಲಭ್ಯವಿದೆ, ಆರಿಸಿಟ್ಟಿದ್ದಾರೆ. ಅದೇ ಆಯ್ಕೆಯ ಮುಂದೆ 70, 70 ಎಂದು ಬರೆದರೆ ಹತ್ತಿಕೊಳ್ಳುತ್ತದೆ. ‘ಸೌಲಭ್ಯವಿಲ್ಲ’ ಎಂದರೆ ಆ ಡಿಸ್ಕಿನ ಸ್ವಭಾವ ಬದಲಿಸುವುದು ನಮ್ಮ ಕೈಲಿಲ್ಲ. ಯುಎಸ್‌ಬಿ ಡಬ್ಬಿಯೊಳಗಿನ ಡಿಸ್ಕ್‌ಗಳಿಗೆ ಕೆಲವೊಮ್ಮೆ ಈ ಪ್ರಶ್ನೆ ತಲುಪುವುದೇ ಇಲ್ಲ.

ಸೌಲಭ್ಯವಿಲ್ಲದ ಡಿಸ್ಕಿಗೆ ಎರಡನೆಯ ದಾರಿ: ಅದರ ಹಟವನ್ನು ಒಪ್ಪಿಕೊಂಡು ಕರ್ನಲ್‌ನ ತಾಳ್ಮೆಯನ್ನು ಹಿಗ್ಗಿಸುವುದು. ಪ್ರತಿ ಡಿಸ್ಕಿಗೂ ಲಿನಕ್ಸ್‌ನ ‘ಸಿಸ್’ ಮರದಲ್ಲಿ ಒಂದು ಫೋಲ್ಡರ್ ಇರುತ್ತದೆ. ಬ್ಲಾಕ್, ಆಮೇಲೆ ಡಿಸ್ಕಿನ ಹೆಸರು, ಅದರೊಳಗೆ ಡಿವೈಸ್, ಅದರಲ್ಲಿ ಟೈಮ್‌ಔಟ್ ಎಂಬ ಫೈಲ್. ಒಳಗೆ 30 ಎಂದಿರುತ್ತದೆ. ಅಲ್ಲಿ 180 ಎಂದು ಬರೆದರೆ ಮೂರು ನಿಮಿಷ. ಇಲ್ಲಿನ ಎಣಿಕೆ ಪೂರ್ತಿ ಸೆಕೆಂಡಿನಲ್ಲಿ, ಹತ್ತನೇ ಭಾಗದಲ್ಲಲ್ಲ; ಎರಡು ಕಡೆ ಎರಡು ಅಳತೆ ಇಟ್ಟವರಿಗೆ ನಮಸ್ಕಾರ. ಕೆಟ್ಟ ಸೆಕ್ಟರ್ ಸಿಕ್ಕ ದಿನ ಇಡೀ ಅರೇ, ಅಂದರೆ ಡಿಸ್ಕ್‌ಗಳ ಗುಂಪು, ಎರಡು ಮೂರು ನಿಮಿಷ ಹೆಪ್ಪುಗಟ್ಟಿ ನಿಲ್ಲುತ್ತದೆ, ಸ್ಟುಡಿಯೊದಲ್ಲಿ ಎಡಿಟಿಂಗ್‌ಗೆ ಕೂತವನು ಬೈದುಕೊಳ್ಳುತ್ತಾನೆ. ಆದರೂ ಕೊನೆಗೆ ಡಿಸ್ಕ್ ‘ಆಗಲಿಲ್ಲ’ ಎನ್ನುತ್ತದೆ, ಎಂಡಿ ತನ್ನ ದುರಸ್ತಿ ಮಾಡುತ್ತದೆ, ಡಿಸ್ಕ್ ಗುಂಪಿನಲ್ಲೇ ಉಳಿಯುತ್ತದೆ.

ಈ ಎರಡು ಬದಲಾವಣೆಗಳೂ ಕರೆಂಟು ಹೋದರೆ ಅಳಿಸಿಹೋಗುತ್ತವೆ. ಬಹುತೇಕ ಡಿಸ್ಕ್‌ಗಳು ಆ ಮಿತಿಯನ್ನು ನೆನಪಿಟ್ಟುಕೊಳ್ಳುವುದಿಲ್ಲ, ಕರ್ನಲ್ ಪ್ರತಿ ಸಲ ಎದ್ದಾಗಲೂ 30ಕ್ಕೇ ಮರಳುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ, ಯುಪಿಎಸ್ ಬ್ಯಾಟರಿಯೂ ಮುದಿಯಾಗಿರುವಲ್ಲಿ, ಒಮ್ಮೆ ಕೈಯಾರೆ ಹಾಕಿ ಮರೆತ ಆಜ್ಞೆಗೆ ಆಯಸ್ಸು ಕಡಿಮೆ. ಹಾಗಾಗಿ ಕಂಪ್ಯೂಟರ್ ಎದ್ದಾಗಲೆಲ್ಲ ತಾನಾಗಿ ನಡೆಯುವ ಪುಟ್ಟ ಸ್ಕ್ರಿಪ್ಟ್ ಬೇಕು: ಪ್ರತಿ ಡಿಸ್ಕಿಗೂ 70, 70 ಹಾಕಿ ನೋಡು, ಒಪ್ಪದಿದ್ದರೆ ಅದರ ಟೈಮ್‌ಔಟ್ 180 ಮಾಡು. ಇದನ್ನು ಸಾಧನ ಜೋಡಿಸಿದಾಗಲೆಲ್ಲ ಓಡುವ ಯೂಡೆವ್ ನಿಯಮವಾಗಿ ಬರೆದರೆ ನಡುವೆ ಬದಲಿಸಿದ ಡಿಸ್ಕಿಗೂ ತಾನಾಗಿ ಅನ್ವಯಿಸುತ್ತದೆ. ಸ್ಮಾರ್ಟ್‌ಡಿ ಎಂಬ ಕಾವಲು ಪ್ರೋಗ್ರಾಮಿನ ಕಾನ್ಫಿಗ್ ಫೈಲಿನಲ್ಲೂ 70, 70 ಬರೆದಿಡಬಹುದು.

ಲಿನಕ್ಸ್‌ನವರು ಆ 30ನ್ನು ತಾವೇ ಹೆಚ್ಚಿಸಬಹುದಿತ್ತಲ್ಲ ಎಂದು ಕೇಳಬಹುದು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಅದೇ ಸಂಖ್ಯೆಯನ್ನು ನಂಬಿ ನಿಂತ ಬೇರೆ ಬೇರೆ ಬಗೆಯ ಸಾಧನಗಳಿವೆ, ನಿಜವಾಗಿ ಸತ್ತ ಡಿಸ್ಕಿಗಾಗಿ ಮೂರು ನಿಮಿಷ ಕಾಯಲು ಒಪ್ಪದವರೂ ಇದ್ದಾರೆ. ಡಿಸ್ಕ್ ಕಂಪನಿಗಳ ನಡೆಗೆ ಮಾತ್ರ ಇಷ್ಟು ರಿಯಾಯಿತಿ ಕೊಡಲಾರೆ. ವೆಸ್ಟರ್ನ್ ಡಿಜಿಟಲ್‌ನ ಹಳೆಯ ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲಿ ಡಾಸ್‌ನ ಪುಟ್ಟ ಪ್ರೋಗ್ರಾಮೊಂದರಿಂದ ಈ ಮಿತಿಯನ್ನು ಹಾಕಿಕೊಳ್ಳಬಹುದಿತ್ತು. ಮುಂದೆ ಬಂದ ಮಾದರಿಗಳಲ್ಲಿ ಅದು ಕೆಲಸ ಮಾಡದಂತಾಯಿತು. 2012ರಲ್ಲಿ ಅದೇ ಕಂಪನಿ ಮನೆಯ ನ್ಯಾಸ್‌ಗಳಿಗೆಂದು ‘ರೆಡ್’ ಸಾಲನ್ನು ತಂದಾಗ ಅದರ ಹೆಗ್ಗಳಿಕೆಗಳಲ್ಲಿ ಈ ಮಿತಿಯೂ ಒಂದು. ಫರ್ಮ್‌ವೇರಿನ ಒಂದು ಸಂಖ್ಯೆ ಡಿಸ್ಕಿನ ದರ್ಜೆಯನ್ನು ತೀರ್ಮಾನಿಸುವಂತಾಯಿತು.

ರೆಡ್ ಕೊಂಡವರೂ ನಿಶ್ಚಿಂತರಾಗಲಿಲ್ಲ. 2020ರ ಏಪ್ರಿಲ್‌ನಲ್ಲಿ ಆ ಸಾಲಿನ 2ರಿಂದ 6 ಟೆರಾಬೈಟ್‌ನ ಕೆಲವು ಮಾದರಿಗಳಲ್ಲಿ ಎಸ್‌ಎಂಆರ್ ತಂತ್ರ ಬಳಸಿರುವುದು ಬಯಲಾಯಿತು. ಹೆಂಚು ಹೊದಿಸಿದಂತೆ ಒಂದು ಗೆರೆಯ ಮೇಲೆ ಇನ್ನೊಂದು ಗೆರೆ ಅರ್ಧ ಕೂರುವ ಹಾಗೆ ಬರೆಯುವ ಈ ವಿಧಾನದಲ್ಲಿ, ಒಂದನ್ನು ತಿದ್ದಲು ಅಕ್ಕಪಕ್ಕದ ಎಷ್ಟೋ ಗೆರೆಗಳನ್ನು ಮತ್ತೆ ಬರೆಯಬೇಕು. ರೇಡ್ ಮರುತುಂಬುವಾಗ ಇಂಥ ಡಿಸ್ಕ್ ಏದುಸಿರು ಬಿಟ್ಟು ನಿಲ್ಲುತ್ತದೆ. ಅಲ್ಲಿ 7 ಸೆಕೆಂಡಿನ ಮಿತಿಯಿಂದ ಏನೂ ಆಗದು, ಏಕೆಂದರೆ ತಡವಾಗುವುದು ತಪ್ಪಿನಿಂದಲ್ಲ. ಆ ಗಲಾಟೆಯ ಬಳಿಕ ಕಂಪನಿ ಹಳೆಯ ವಿಧಾನದವನ್ನು ‘ರೆಡ್ ಪ್ಲಸ್’ ಎಂದು ಬೇರ್ಪಡಿಸಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಡಿಸ್ಕ್ ಕೊಳ್ಳುವಾಗ ಟೆರಾಬೈಟ್ ಎಷ್ಟು, ರೇಟ್ ಎಷ್ಟು ಎಂಬೆರಡೇ ಪ್ರಶ್ನೆ ಕೇಳಿ ಹಿಂತಿರುಗುವವರು ಇನ್ನು ಮುಂದೆ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು, ಅದಕ್ಕೆ ಇಆರ್‌ಸಿ ಇದೆಯೇ, ಎಸ್‌ಎಂಆರ್ ಅಲ್ಲವೇ ಎಂದು ತಯಾರಕರ ವಿವರಪಟ್ಟಿಯಲ್ಲಿ ನೋಡಿಕೊಂಡು ದುಡ್ಡು ಕೊಡುವುದು ಒಳ್ಳೆಯದು.

ಟೈಮ್‌ಔಟ್ ಸರಿಮಾಡಿ ಸುಮ್ಮನೆ ಕೂತರೆ ಅರ್ಧ ಕೆಲಸ ಮಾತ್ರ ಆದಂತೆ. ಮಸುಕಾದ ಸೆಕ್ಟರುಗಳು ಯಾರಾದರೂ ಓದಿದಾಗಲೇ ಗೊತ್ತಾಗುವುದು. ಅದಕ್ಕೆಂದೇ ಎಂಡಿಗೆ ‘ಚೆಕ್’ ಎಂಬ ಆಜ್ಞೆಯಿದೆ. ಎಲ್ಲ ಡಿಸ್ಕ್‌ಗಳನ್ನೂ ಪೂರ್ತಿ ಓದಿ, ಸಿಕ್ಕ ಗಾಯಗಳಿಗೆ ಆಗಿಂದಾಗ ಮುಲಾಮು ಹಚ್ಚುವ ಕೆಲಸ ಅದು. ಡೆಬಿಯನ್‌ನಲ್ಲಿ ತಿಂಗಳ ಮೊದಲ ಭಾನುವಾರ ನಡುರಾತ್ರಿಯ ಬಳಿಕ ಇದು ತಾನಾಗಿ ಶುರುವಾಗುವಂತೆ ಬಹುಕಾಲದಿಂದ ಇಟ್ಟಿದ್ದಾರೆ. ರಾತ್ರಿ ಕಂಪ್ಯೂಟರ್ ಆರಿಸಿ ಮನೆಗೆ ಹೋಗುವ ಕಚೇರಿಗಳಲ್ಲಿ ಅದು ನಡೆಯುವುದೇ ಇಲ್ಲ. ಅಂಥವರು ವೇಳೆಯನ್ನು ಹಗಲಿಗೆ ಬದಲಿಸಿಕೊಳ್ಳಬೇಕು. ಇನ್ನೊಂದು ಮಾತು: ಟೈಮ್‌ಔಟ್ ಹೊಂದಿಸದೆ ‘ಚೆಕ್’ ನಡೆಸಿದರೆ ಡಿಸ್ಕ್ ಹೊರಬೀಳುವುದು ಆ ಭಾನುವಾರವೇ.

ಏಳು ಸೆಕೆಂಡಿನ ಮಿತಿ ಎಲ್ಲ ಕಡೆಗೂ ಸಲ್ಲುವ ಮದ್ದಲ್ಲ. ಒಂದೇ ಡಿಸ್ಕಿನ ಕಂಪ್ಯೂಟರಿನಲ್ಲಿ, ನಕಲೇ ಇಲ್ಲದ ರೇಡ್ 0ರಲ್ಲಿ ಇದನ್ನು ಹಾಕಿದರೆ ಸಿಗಬಹುದಾಗಿದ್ದ ಮಾಹಿತಿಯನ್ನೂ ಕಳೆದುಕೊಂಡಂತೆ. ರೇಡ್ 5ರಲ್ಲಿ ಒಂದು ಡಿಸ್ಕ್ ನಿಜವಾಗಿಯೇ ಸತ್ತಿದ್ದರೂ ಅಷ್ಟೆ, ಉಳಿದವುಗಳಲ್ಲಿನ ಪ್ರತಿ ಸೆಕ್ಟರೂ ಆಗ ಏಕೈಕ ಪ್ರತಿ. ಆ ಹೊತ್ತಿನಲ್ಲಿ ಮಿತಿಯನ್ನು 0, 0 ಎಂದು ಕೊಟ್ಟು ಆರಿಸಿ, ಕರ್ನಲ್‌ನ ಟೈಮ್‌ಔಟನ್ನು 180ಕ್ಕೆ ಏರಿಸಿ, ಡಿಸ್ಕ್ ಎಷ್ಟು ಬೇಕಾದರೂ ಹುಡುಕಲಿ ಎಂದು ಬಿಡುವುದು ಜಾಣತನ.

ಈಗಾಗಲೇ ಎರಡು ಡಿಸ್ಕ್ ಹೊರಬಿದ್ದು ಅರೇ ನಿಂತುಹೋಗಿದ್ದರೆ ಮೊದಲು ಮಾಡಬೇಕಾದದ್ದು ಏನನ್ನೂ ಮಾಡದಿರುವುದು. ಎಂಡಿಎಡಿಎಂಗೆ ‘ಕ್ರಿಯೇಟ್’ ಎಂಬ ಆಜ್ಞೆ ಮಾತ್ರ ಕೊಡಬೇಡಿ. ಡಿಸ್ಕ್‌ಗಳ ಕ್ರಮ ತಪ್ಪಿದರೆ, ಒಳಗಿನ ಅಳತೆ ಬದಲಾದರೆ ಉಳಿದಿದ್ದೂ ಹೋಗುತ್ತದೆ. ‘ಎಕ್ಸಾಮಿನ್’ ಆಜ್ಞೆಯಿಂದ ಪ್ರತಿ ಡಿಸ್ಕಿನ ‘ಈವೆಂಟ್ಸ್’ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಯಾವುದು ಮೊದಲು ಹೊರಬಿತ್ತು, ಯಾವುದು ಕೊನೆಗೆ ಎಂದು ಅದರಿಂದ ತಿಳಿಯುತ್ತದೆ. ಕೊನೆಗೆ ಬಿದ್ದದ್ದರ ಸಂಖ್ಯೆ ಉಳಿದವಕ್ಕಿಂತ ಸ್ವಲ್ಪವೇ ಹಿಂದಿರುತ್ತದೆ. ಆ ಡಿಸ್ಕಿನಲ್ಲಿ ಓದಲಾಗದ ಸೆಕ್ಟರುಗಳಿದ್ದರೆ ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ ಮೊದಲು ಹೊಸ ಡಿಸ್ಕಿಗೆ ನಕಲು ಮಾಡಿ. ಮೊದಲ ಸುತ್ತಿನಲ್ಲಿ 7 ಸೆಕೆಂಡಿನ ಮಿತಿಯಿಟ್ಟು ಸುಲಭವಾಗಿ ಸಿಗುವುದನ್ನೆಲ್ಲ ಬೇಗ ಎತ್ತಿಕೊಂಡು, ಎರಡನೆಯ ಸುತ್ತಿನಲ್ಲಿ ಮಿತಿ ತೆಗೆದು ಉಳಿದ ಸೆಕ್ಟರುಗಳಿಗೆ ಡಿಸ್ಕನ್ನು ಹಟಕ್ಕೆ ಬಿಡಬಹುದು. ಆಮೇಲೆ ನಕಲು ಡಿಸ್ಕ್ ಸೇರಿಸಿ ‘ಅಸೆಂಬಲ್’ ಮತ್ತು ‘ಫೋರ್ಸ್’ ಒಟ್ಟಿಗೆ ಕೊಟ್ಟರೆ, ಸಂಖ್ಯೆಗಳ ಅಂತರ ಕಡಿಮೆಯಿದ್ದಲ್ಲಿ ಅರೇ ಸಾಮಾನ್ಯವಾಗಿ ಎದ್ದು ಕೂರುತ್ತದೆ. ಓದಲು ಮಾತ್ರ ಎಂಬಂತೆ ತೆರೆದು, ಬೇಕಾದ ಫೈಲುಗಳನ್ನು ಮೊದಲು ಬೇರೆಡೆಗೆ ಎತ್ತಿಟ್ಟುಕೊಂಡು, ಮೊದಲು ಹೊರಬಿದ್ದ ಡಿಸ್ಕಿನ ಜಾಗಕ್ಕೆ ಹೊಸದನ್ನು ಸೇರಿಸುವ ಯೋಚನೆಯನ್ನು ಅನಂತರ ಮಾಡಿದರಾಯಿತು.